ಸೀತಾಳೆ ದಂಡೆಯನ್ನು ಮರದಲ್ಲೇ ಬಿಡಿ ಸ್ವಾಮಿ!

ನಮ್ಮ ಪುಟ್ಟೇನಹಳ್ಳಿ, ಜೆ.ಪಿ. ನಗರದ ಕಡೆ ಅಪಾರ್ಟ್‌ಮೆಂಟುಗಳ ಬಾಲ್ಕನಿ ನೋಡಿದರೆ ಯಾರ ಊರು ಮಲೆನಾಡು ಅಂತ ಕೆಳಗಿನಿಂದಲೇ ಹೇಳಿಬಿಡಬಹುದು. ತುಳಸಿ ಕುಂಡದ ಪಕ್ಕ, ಮರದ ತುಂಡಿಗೆ ಕಟ್ಟಿದ ಸೀತಾಳೆ ದಂಡೆ ನೇತಾಡುತ್ತಿರುತ್ತದೆ. ಊರಿಗೆ ಹೋದಾಗ ಮರದಿಂದ ಕಿತ್ತು ತಂದಿದ್ದು. ನನ್ನ ತಕರಾರು ಇರುವುದು ಇದರ ಬಗ್ಗೆಯೇ.

ಕೇಳಿದರೆ "ಅದು ಬಂದಳಿಕೆ ಕಣ್ರೀ, ಕಿತ್ತರೆ ಮರಕ್ಕೇ ಒಳ್ಳೇದು" ಅಂತಾರೆ. ಅಲ್ಲ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಯ ಮೇಲೆ ಕೂತಿರುತ್ತದೆ, ಅಷ್ಟೇ. ಅದರ ಬೇರಿಗೆ ಸ್ಪಂಜಿನಂಥ ಬಿಳಿ ಹೊದಿಕೆ ಇದೆ. ಮಳೆ, ಮಂಜಿನ ನೀರನ್ನು ಆ ಹೊದಿಕೆಯೇ ಹೀರಿಕೊಳ್ಳುತ್ತದೆ. ಒದ್ದೆಯಾದಾಗ ಬೇರು ಹಸಿರಾಗುವುದನ್ನು ನೀವೂ ನೋಡಿರಬಹುದು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪಟ್ಟಿ ಮಾಡಿದ ನಮ್ಮ ದೇಶದ 1,256 ಜಾತಿಯ ಆರ್ಕಿಡ್‌ಗಳಲ್ಲಿ 757 ಹೀಗೆ ಮರದ ಮೇಲೆ ಬದುಕುವಂಥವು. 447 ನೆಲದಲ್ಲಿ ಬೆಳೆಯುತ್ತವೆ.

"ಒಂದು ಗಿಡ ತಂದರೆ ಕಾಡೇನು ಖಾಲಿಯಾಗುತ್ತಾ?" ಅನ್ನುವವರಿಗೆ ಇನ್ನೊಂದು ವಿಷಯ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಆಹಾರ ಅದರೊಳಗೆ ಇರುವುದಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಚಿಗುರುತ್ತದೆ, ಹೂ ಬಿಡಲು ಮತ್ತೆ ಹಲವು ವರ್ಷ. ಲಕ್ಷಾಂತರ ಬೀಜದಲ್ಲಿ ಎಲ್ಲೋ ಒಂದೆರಡು ಗೆದ್ದಿರುತ್ತವೆ. ಗೆದ್ದು ಹೂ ಬಿಟ್ಟಿದ್ದನ್ನೇ ಹುಡುಕಿ ನಾವು ಕೀಳುತ್ತೇವೆ! ತಂದು ಇಡುವುದಾದರೂ ಎಲ್ಲಿ? ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಗೆ.

ಇನ್ನು ಕೆಲವರು ಔಷಧಿ ಅಂತ ತರುತ್ತಾರೆ. ಆಯುರ್ವೇದದಲ್ಲಿ ಆರ್ಕಿಡ್‌ಗಳಿಗೆ ಜಾಗ ಇರುವುದು ನಿಜ. ಚ್ಯವನಪ್ರಾಶಕ್ಕೆ ಹಾಕುವ ಅಷ್ಟವರ್ಗದಲ್ಲಿ ಜೀವಕ, ಋಷಭಕ, ಋದ್ಧಿ, ವೃದ್ಧಿ ಈ ನಾಲ್ಕೂ ಹಿಮಾಲಯದ ನೆಲದ ಆರ್ಕಿಡ್‌ಗಳು ಅಂತ ಗುರುತಿಸಿದ್ದಾರೆ. ಆದರೆ ಇವು ರಾಜರಿಗೂ ಸಿಗುವುದು ಕಷ್ಟ ಅಂತ 16ನೇ ಶತಮಾನದ ಭಾವಪ್ರಕಾಶವೇ ಹೇಳಿ, ಬದಲಿಗೆ ವಿದಾರಿ, ವಾರಾಹಿ ಗೆಡ್ಡೆಗಳನ್ನು ಸೂಚಿಸಿದೆ. ನಾನೂರು ವರ್ಷದ ಹಿಂದೆಯೇ ವೈದ್ಯರಿಗೆ ಇದ್ದ ವಿವೇಕ ನಮಗೆ ಬೇಡವೇ? ಔಷಧಿ ಬೇಕಿದ್ದರೆ ವೈದ್ಯರ ಹತ್ತಿರ ಹೋಗೋಣ, ಸೀತಾಳೆ ಮರದ ಹತ್ತಿರ ಅಲ್ಲ.

ಹಾಗಂತ ಆರ್ಕಿಡ್ ಸಾಕಲೇಬೇಡಿ ಅಂತಿಲ್ಲ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿದ ಡೆಂಡ್ರೋಬಿಯಂ, ಫಲೆನಾಪ್ಸಿಸ್ ಗಿಡಗಳು ನರ್ಸರಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅವನ್ನು ಕೊಂಡರೆ ಯಾವ ಕಾಡಿಗೂ ನಷ್ಟವಿಲ್ಲ. ಮಾರುವವರನ್ನು "ಇದು ಎಲ್ಲಿ ಬೆಳೆದಿದ್ದು?" ಅಂತ ಒಂದು ಮಾತು ಕೇಳಿ. ಸೀತಾಳೆ ದಂಡೆ ನೋಡಬೇಕಾ? ಮೇ-ಜೂನ್‌ನಲ್ಲಿ ಮಲೆನಾಡಿಗೆ ಹೋಗಿ, ಕತ್ತೆತ್ತಿ ನೋಡಿ, ಫೋಟೋ ತೆಗೆದು ಬ್ಲಾಗಿಗೆ ಹಾಕಿ. ಖಂಡಿತ ಬಂದು ಕಾಮೆಂಟ್ ಹಾಕ್ತೀನಿ!

ನಮ್ಮ ಪುಟ್ಟೇನಹಳ್ಳಿ ಕೆರೆ ಉಳಿಸಲು 2010ರಲ್ಲಿ ಟ್ರಸ್ಟ್ ಕಟ್ಟಿದವರು ಇಲ್ಲಿನ ನಿವಾಸಿಗಳೇ. ಆ ಕೆರೆಗೆ ಬರುವ ಹಕ್ಕಿಯನ್ನು ಯಾರಾದರೂ ಹಿಡಿದು ಪಂಜರಕ್ಕೆ ಹಾಕಿದರೆ ನಾವು ಸುಮ್ಮನಿರುತ್ತೇವಾ? ಹಾರಲಾರದ ಹೂವಿಗೆ ಮಾತ್ರ ಬೇರೆ ನ್ಯಾಯ ಯಾಕೆ? ನೀವೇನಂತೀರಿ?