ಅವರೆ ಬಿತ್ತಲು ಬಾರದ ಕವಿಗಳು

ಕಳೆದ ಸಂಚಿಕೆಯಲ್ಲಿ ಮಣ್ಣಿನ ಮೇಲೆ ಬಂದ ಕವನಗಳನ್ನು ಎಣಿಸಿದೆ. ಐದು. ಅದರಲ್ಲಿ ಒಂದು ನನ್ನದೇ. ಕೂಕಟ್‌ಪಲ್ಲಿಯ ಬಾಡಿಗೆ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಬರೆದದ್ದು. ಗೆಳೆಯರು ಮೆಚ್ಚಿದರು. ಆದರೆ ಮಣ್ಣನ್ನು ಹಾಡಿದ ಈ ಕವಿಗೆ ಒಂದು ಹಿಡಿ ಅವರೆಬೀಜ ಉಳಿಸಲು ಬರಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹುಮನಾಬಾದ್ ಕಡೆಯ ನಮ್ಮೂರಲ್ಲಿ ಆಯಿ ಜೋಳದ ಸಾಲುಗಳ ನಡುವೆ ಅವರೆ ಹಾಕುತ್ತಿದ್ದಳು. ಈಗ ಹೊಲವನ್ನೆಲ್ಲ ಸೋಯಾ ಹಿಡಿದಿದೆ. ಹಿತ್ತಲ ಬೇಲಿಯ ಬಳ್ಳಿಯಿಂದ ಆರಿಸಿಟ್ಟಿದ್ದ ಕಾಳನ್ನು ಹೋದ ವರ್ಷ ಯುಗಾದಿಗೆ ನನ್ನ ಕೈಗೆ ಹಾಕಿ, "ಇದು ನಮ್ಮವ್ವನ ಮನಿ ಬೀಜ, ಕೆಡಸಬ್ಯಾಡ" ಅಂದಳು.

ತಂದವನೇ ಮಾಳಿಗೆಯ ಮೇಲೆ ಹಳೆಯ ಬಣ್ಣದ ಡಬ್ಬಗಳಲ್ಲಿ ಅಷ್ಟನ್ನೂ ಊರಿದೆ. ಬಳ್ಳಿ ಬಟ್ಟೆ ಒಣಗಿಸುವ ಹಗ್ಗ ಮುಟ್ಟಿತು. ಆಷಾಢ ಹೋಯಿತು, ಶ್ರಾವಣ ಹೋಯಿತು, ಹೂವಿಲ್ಲ. ಗೊಬ್ಬರ ಸುರಿದೆ. ಎಲೆ ಮತ್ತಷ್ಟು ಕೊಬ್ಬಿತು, ಅಷ್ಟೆ. ಆಯಿಗೆ ಫೋನ್ ಮಾಡಿದರೆ ನಕ್ಕಳು: "ಏ ತಮ್ಮಾ, ಅವರಿ ಹೊತ್ತು ನೋಡಿ ಹೂ ಬಿಡ್ತದ. ಹೊತ್ತು ಸಣ್ಣ ಆಗ್ಲಿ, ತಡಿ."

ವಿಜ್ಞಾನವೂ ಹೇಳುವುದು ಅದನ್ನೇ. ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಗಿಡ. ಮಳೆಗಾಲದಲ್ಲಿ ಬೆಳೆದು, ಚಳಿಗಾಲದ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಕಟ್ಟು ಬಿಡಿಸಿ, ಎಲ್ಲ ಕಾಲಕ್ಕೂ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ತಂದರು. ಅದು ಒಳ್ಳೆಯದೇ. ಆದರೆ ಹಳೆಯ ಬೀಜದ ಜೊತೆಗೆ ಕಾಲ ನೋಡುವ ತಿಳಿವಳಿಕೆಯೂ ಇತ್ತು. ಅದು ನನಗೆ ಬಂದಿರಲಿಲ್ಲ.

ಕಾರ್ತಿಕದಲ್ಲಿ ಹೂ ಬಂತು, ಕಾಯೂ ಬಂತು. ಸರಿಯಾಗಿ ಒಣಗುವ ಮೊದಲೇ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಟ್ಟೆ. ಎರಡು ತಿಂಗಳಿಗೆ ತೆಗೆದು ನೋಡಿದರೆ ಕಾಳಿಗೊಂದು ದುಂಡನೆಯ ತೂತು, ತಳದಲ್ಲಿ ಹಿಟ್ಟು. ಹುಳ ತಿಂದು ಉಳಿಸಿದ್ದು ಹನ್ನೊಂದು ಕಾಳು. ಹಲ್ಲಿಗಿಟ್ಟು ಕಡಿದರೆ ಗುರುತು ಬೀಳಬಾರದು, ಟಕ್ಕನೆ ಒಡೆಯಬೇಕು. ಆಮೇಲೆ ಜರಡಿ ಹಿಡಿದ ಒಲೆಬೂದಿ ಬೆರೆಸಿ, ಬೇವಿನೆಲೆ ಹಾಕಿಡಬೇಕು. ಆಯಿ ಇದನ್ನು ಹೇಳಿದ್ದು ನಾನು ಕೇಳಿದ ಮೇಲೆ. ನಾನು ಕೇಳಿದ್ದು ಕೆಡಿಸಿದ ಮೇಲೆ!

ನಮ್ಮ ಕೂಕಟ್‌ಪಲ್ಲಿಯ ಮುಂದಿನ ಹೆದ್ದಾರಿಯಲ್ಲೇ ಊರಿಗೆ ಹೋಗುವಾಗ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆಯ ಶೀತಗೃಹಗಳಲ್ಲಿ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಮುಂತಾದವುಗಳ ಲಕ್ಷಕ್ಕೂ ಮೀರಿದ ಬೀಜ ಮಾದರಿಗಳಿವೆ. "ಅವರು ಉಳಿಸ್ತಾರಲ್ಲ, ನಮಗ್ಯಾಕೆ?" ಎಂದು ಗೆಳೆಯನೊಬ್ಬ ಕೇಳಿದ. ಅದೇ ಬಸ್ಸಿನಲ್ಲಿ ಇನ್ನೂ ಮುಂದೆ, ಬೀದರ್ ಗಡಿಯ ಜಹೀರಾಬಾದಿಗೆ ಹೋದರೆ ಉತ್ತರವಿದೆ. ಅಲ್ಲಿ 1983ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು, ಸಣ್ಣ ಹಿಡುವಳಿಯವರು. ಬೀಜವನ್ನು ಮಣ್ಣು ಬಳಿದ ಬುಟ್ಟಿಗಳಲ್ಲಿ, ಬೂದಿ ಬೇವು ಬೆರೆಸಿ ಕಾಯುತ್ತಾರೆ. ಸಾಲ ಪಡೆದ ಬೀಜಕ್ಕಿಂತ ಹೆಚ್ಚು ಹಿಂದಿರುಗಿಸುವುದು ಅಲ್ಲಿಯ ಕಟ್ಟಳೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸೊಸೈಟಿ ಕಟ್ಟಿದವರಲ್ಲೊಬ್ಬರು ಮೈಸೂರಿನಲ್ಲಿ ಹುಟ್ಟಿದ ಪಿ. ವಿ. ಸತೀಶ್, 2023ರಲ್ಲಿ ತೀರಿಕೊಂಡರು.

ಶೀತಗೃಹದಲ್ಲಿ ಬೀಜ ಉಳಿಯುತ್ತದೆ, ನಿಜ. ಬಿತ್ತುವ ಕೈ ಉಳಿಯುವುದು ಹೊಲದಲ್ಲೇ. ನಾವು ಓದಿದವರು ಆ ಕೈಯನ್ನು ಹೊಗಳಿ ಬರೆಯುತ್ತೇವೆ, ಅದರಿಂದ ಕಲಿಯುವುದಿಲ್ಲ. ನನ್ನ ತಕರಾರು ಇಷ್ಟೇ.

ಆದ್ದರಿಂದ ಸಂಘಕ್ಕೊಂದು ಸಲಹೆ. ಈ ರಜೆಗೆ ಊರಿಗೆ ಹೋದವರು ಅವರೆ, ಅಲಸಂದಿ, ಹುರುಳಿ, ಯಾವುದಾದರೂ ಒಂದು ಮನೆಬೀಜ ತನ್ನಿ. ಯಾವ ಮಳೆಗೆ ಬಿತ್ತುತ್ತಾರೆ, ಹೇಗೆ ಕಾಯ್ದಿಡುತ್ತಾರೆ ಎಂದು ಮನೆಯ ಹಿರಿಯರನ್ನು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಅವರೆ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಡಬ್ಬದಲ್ಲಿ ಬೆಳೆದರೂ ತಳಿ ಅಷ್ಟು ಸುಲಭವಾಗಿ ಕೆಡದು. ಮುಂದಿನ ವರ್ಷ ಪಡೆದದ್ದರ ಎರಡರಷ್ಟು ಸಂಘಕ್ಕೆ ಕೊಡಿ.

ನನ್ನ ಹನ್ನೊಂದರಲ್ಲಿ ನಾಲ್ಕು ಕಾಳು ಸಂಘಕ್ಕೆ ಕೊಡುತ್ತಿದ್ದೇನೆ. ಎಂಟು ವಾಪಸ್ಸು ಬೇಕು. ದಯವಿಟ್ಟು ಯಾರೂ ಸಾರಿಗೆ ಹಾಕಬೇಡಿ.