ಗಾಳಿ ತೆರೆಯುವ ಕವಾಟ

ನಾನು, ಬ್ಯಾಂಕಿನ ಗೆಳೆಯ, ಗ್ಯಾರೇಜಿನ ಗೆಳೆಯ ಮೂವರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗ್ಯಾರೇಜಿನವನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೇ ನಪಾಸಾಗಿ ಸ್ಪ್ಯಾನರ್ ಹಿಡಿದ. ಬ್ಯಾಂಕಿನವನ ಮಗಳು ಲಂಡನ್ನಿನಲ್ಲಿದ್ದಾಳೆ. ಉಳಿಯಲು ಮನೆಯಿದೆ ಎಂಬ ಧೈರ್ಯದ ಮೇಲೆ, 2018ರ ನವೆಂಬರಿನಲ್ಲಿ ಮೂವರೂ ಹಳೆಯ ಕಾರುಗಳ ಓಟ ನೋಡಲು ಹೊರಟೆವು. ವಿಮಾನದ ಖರ್ಚು ಕೇಳಿ ನನ್ನಾಕೆ ಎರಡು ದಿನ ಮಾತಾಡಲಿಲ್ಲ. ಅಲ್ಲಿ ನೋಡಲು ಮಾತ್ರ ಕಾಸಿಲ್ಲ.

ನವೆಂಬರಿನ ಮೊದಲ ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ಹೈಡ್ ಪಾರ್ಕಿನಿಂದ ಹೊರಡುವ ಈ ಕಾರುಗಳು, ಸುಮಾರು 96 ಕಿ.ಮೀ. ದೂರದ ಬ್ರೈಟನ್ ಕಡಲತೀರಕ್ಕೆ ಓಡುತ್ತವೆ. 1905ಕ್ಕಿಂತ ಮೊದಲು ತಯಾರಾದವಕ್ಕೇ ಪ್ರವೇಶ. ಹೊರಡುವ ಮುನ್ನ ಒಂದು ಕೆಂಪು ಬಾವುಟ ಹರಿಯುತ್ತಾರೆ. ಅಲ್ಲಿ 1896ರವರೆಗೂ ಮೋಟಾರು ಬಂಡಿಯ ಮುಂದೆ ಒಬ್ಬ ಮನುಷ್ಯ ನಡೆಯಬೇಕಿತ್ತು. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ಆ ವರ್ಷ ಕಾನೂನು ಬದಲಾಗಿ ಮಿತಿ ಹದಿನಾಲ್ಕಕ್ಕೇರಿತು. ಆ ಖುಷಿಗೆ ನವೆಂಬರ್ 14ರಂದು ನಡೆದ ಓಟದ ನೆನಪು ಇದು. (ಬಾವುಟ ಹಿಡಿಯಬೇಕೆಂಬ ಕಡ್ಡಾಯ 1878ರಲ್ಲೇ ಹೋಗಿತ್ತು. ಆದರೂ ಹರಿಯುತ್ತಾರೆ. ಹರಿಯಲಿ ಬಿಡಿ.)

ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ನೀವೂ ನೋಡಿರಬಹುದು. ಅಲ್ಲಿ ಅವು ಸುಮ್ಮನೆ ನಿಂತಿರುತ್ತವೆ. ಇಲ್ಲಿ ಕೆಮ್ಮುತ್ತಿದ್ದವು, ನಡುಗುತ್ತಿದ್ದವು, ಕೆಲವು ಉಗಿ ಉಗುಳುತ್ತಿದ್ದವು. ಕತ್ತಲೆಯಲ್ಲಿ ಚಳಿಗೆ ನಾವೂ ಹಾಗೇ ನಡುಗುತ್ತಿದ್ದೆವು.

ಒಂದು ಕಡೆ 1901ರ ಫ್ರೆಂಚ್ ದ ದಿಯೋಂ ಬೂತೋಂ ಕಾರು ನಿಂತಿತ್ತು. ಅದರ ಯಜಮಾನರು ಒಂದೇ ಸಿಲಿಂಡರಿನ ಎಂಜಿನ್ನಿಗೆ ಟಾರ್ಚ್ ಹಿಡಿದಿದ್ದರು. ನಮ್ಮ ಗ್ಯಾರೇಜಿನವನು ಬಗ್ಗಿದವನು ಏಳಲೇ ಇಲ್ಲ. ಆಮೇಲೆ, "ಹೊಗೆ ಹೋಗೋ ಕವಾಟಕ್ಕೆ ಕ್ಯಾಮ್ ಇದೆ. ಪೆಟ್ರೋಲು ಬರೋ ಕವಾಟಕ್ಕೆ ಎಲ್ಲಿ? ಕೇಳು ಅವರನ್ನ" ಎಂದ. ಕೇಳಿದೆ. ಯಜಮಾನರು ನಕ್ಕು, ಅದನ್ನು ಗಾಳಿಯೇ ತೆರೆಯುತ್ತದೆ ಎಂದರು.

ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನೊಳಗೆ ಒತ್ತಡ ತಗ್ಗುತ್ತದೆ. ಹೊರಗೆ ವಾಯುಮಂಡಲ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ತೂಕದಷ್ಟು ಒತ್ತುತ್ತಲೇ ಇರುತ್ತದೆ. ಕವಾಟವನ್ನು ಮುಚ್ಚಿ ಹಿಡಿದಿರುವುದು ತೆಳುವಾದೊಂದು ಸ್ಪ್ರಿಂಗ್. ಹೊರಗಿನ ಒತ್ತಡ ಕವಾಟವನ್ನು ನೂಕುತ್ತದೆ, ಪೆಟ್ರೋಲಿನ ಆವಿ ಬೆರೆತ ಗಾಳಿ ಒಳನುಗ್ಗುತ್ತದೆ. ನಾವು 'ಎಂಜಿನ್ ಹೀರುತ್ತದೆ' ಎನ್ನುತ್ತೇವೆ. ನಿಜವಾಗಿ ಹೊರಗಿನ ಗಾಳಿ ತಳ್ಳುತ್ತದೆ. ಎಂಜಿನ್ನಿನ ವೇಗ ಹೆಚ್ಚಿದಂತೆ ಈ ಕವಾಟ ತಡವಾಗಿ ತೆರೆದು ತಡವಾಗಿ ಮುಚ್ಚತೊಡಗುತ್ತದೆ. ಹಾಗಾಗಿ ಮುಂದೆ ಎರಡಕ್ಕೂ ಕ್ಯಾಮ್ ಬಂತು. ನಮ್ಮ ಪುಸ್ತಕಗಳ ಚಿತ್ರದಲ್ಲಿರುವುದು ಆ ಎರಡನೆಯ ಕಥೆ.

ಕೇಳುತ್ತಾ ನಿಂತವನಿಗೆ ಮೈ ಬಿಸಿಯಾಯಿತು, ಚಳಿಯಲ್ಲೂ. ಕೆಲವು ವರ್ಷಗಳ ಹಿಂದೆ ಘಟಕ ಪರೀಕ್ಷೆಯಲ್ಲಿ ಒಬ್ಬ ಹುಡುಗ 'ಹೊರಗಿನ ಗಾಳಿ ತಳ್ಳಿ ಕವಾಟ ತೆರೆಯುತ್ತದೆ' ಎಂದು ಬರೆದಿದ್ದ. ಕೆಂಪು ಮಸಿಯಲ್ಲಿ ಗೀಟೆಳೆದು ಎರಡು ಅಂಕ ಕಳೆದಿದ್ದೆ. ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ್ದೆ. ಯಾಕೆ ಹಾಗೆ ಬರೆದೆ ಎಂದು ಒಂದು ಮಾತು ಕೇಳಿರಲಿಲ್ಲ. ಆಮೇಲೆ ಅವನು ತರಗತಿಯಲ್ಲಿ ಕೈ ಎತ್ತಿದ್ದು ನನಗೆ ನೆನಪಿಲ್ಲ.

ಊರಿಗೆ ಬಂದವನು ವಿಚಾರಿಸಿದೆ. ಐ.ಟಿ.ಐ. ಸೇರಿದ್ದಾನೆಂದು ತಿಳಿಯಿತು. ಭಾನುವಾರ ಅವನ ಮನೆಗೆ ಹೋದೆ. ಮೇಷ್ಟ್ರು ದೂರು ತಂದರೆಂದು ತಾಯಿ ಗಾಬರಿಯಾದರು. ಎಂಜಿನ್ನಿನ ಫೋಟೋ ಕೊಟ್ಟು, "ಅವತ್ತು ನೀನು ಬರೆದದ್ದು ಇದಕ್ಕೆ ಸರಿ ಕಣಪ್ಪಾ, ತಪ್ಪು ನನ್ನದು" ಎಂದೆ. ಅವನು ಬಹಳ ಹೊತ್ತು ಫೋಟೋ ನೋಡಿದ.

"ಸಾರ್, ಸ್ಪ್ರಿಂಗ್ ಬಿಗಿಯಾದ್ರೆ ಗಾಳಿ ಒಳಗೆ ಬರಲ್ಲ. ಸಡಿಲ ಆದ್ರೆ ಸರಿಯಾಗಿ ಮುಚ್ಚಲ್ಲ. ಎಷ್ಟು ಬಿಗಿ ಇರಬೇಕು ಅಂತ ಹೇಗೆ ಗೊತ್ತು ಮಾಡ್ತಿದ್ರು?"

ನನಗೆ ತಿಳಿಯಲಿಲ್ಲ. ಗೆಳೆಯನ ಗ್ಯಾರೇಜಿಗೆ ದಾರಿ ಹೇಳಿದೆ.