ಮುಂಬಯಿಯ ಹುಲ್ಲಿಗೆ ಎಲ್ಲಿಯ ಚಳಿಗಾಲ?

ಫೆಬ್ರವರಿ ಬಂದರೆ ಮುಂಬಯಿಯ ಹೌಸಿಂಗ್ ಸೊಸೈಟಿಗಳ ಕಮಿಟಿ ಸಭೆಯಲ್ಲಿ ಲಾನ್ ಕಂದಿದೆ ಎಂಬ ದೂರು ಏಳುತ್ತದೆ. ಕಂಟ್ರಾಕ್ಟರನ ಕೊಟೇಶನ್ನೂ ಬರುತ್ತದೆ: ಹೊಸ ಹುಲ್ಲಿನ ಹಾಸು, ಕೆಂಪು ಮಣ್ಣು, ಯೂರಿಯಾ, ದಿನಕ್ಕೆರಡು ಸಲ ನೀರು. ಇದಕ್ಕೆಲ್ಲ ಇಟ್ಟ ಹೆಸರು ‘ಚಳಿಗಾಲದ ನಂತರದ ಆರೈಕೆ’.

ಯಾವ ಚಳಿಗಾಲ? ಸಾಂತಾಕ್ರೂಜ್‌ನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1962ರ ಜನವರಿ 22ರ 7.4 ಡಿಗ್ರಿ. ಸಾಮಾನ್ಯ ಜನವರಿಯ ಬೆಳಗಿನ ಜಾವವೂ ಅಲ್ಲಿ 16–17 ಡಿಗ್ರಿ ಇರುತ್ತದೆ. ಗರಿಕೆಯಂಥ ಬಿಸಿಲುನಾಡಿನ ಹುಲ್ಲು ಚಳಿಗೆ ಕಂದಬೇಕಾದರೆ ಮಣ್ಣೇ ಸುಮಾರು 10 ಡಿಗ್ರಿಗೆ ತಣಿಯಬೇಕು. ದಿಲ್ಲಿಯಲ್ಲಿ ಹುಲ್ಲು ಚಳಿಗೆ ಮಲಗುವುದು ನಿಜ. ಮುಂಬಯಿಯಲ್ಲಿ ಅದು ಮಲಗುವುದು ಬಾಯಾರಿಕೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ಆಮೇಲೆ ಏಳೆಂಟು ತಿಂಗಳು ಬಹುತೇಕ ಏನೂ ಇಲ್ಲ. ಮೇಲಿನ ಎಲೆ ಒಣಗಿದರೂ ನೆಲದೊಳಗಿನ ಗೆಣ್ಣು ಜೀವ ಹಿಡಿದಿರುತ್ತದೆ. ಅದು ರೋಗವಲ್ಲ, ವಿಶ್ರಾಂತಿ.

ಆ ವಿಶ್ರಾಂತಿಯನ್ನು ಕೆಡಿಸಲು ಬೇಕಾಗುವ ನೀರಿನ ಲೆಕ್ಕ ನೋಡಬೇಕು. ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಎಂದರೂ 500 ಚದರ ಮೀಟರಿನ ಲಾನ್ 2,500 ಲೀಟರ್ ಕುಡಿಯುತ್ತದೆ. ನಗರದಲ್ಲಿ ತಲೆಗೆ 135 ಲೀಟರ್ ಎಂಬ ಸರಕಾರಿ ಮಾನದಂಡದಲ್ಲಿ ಇದು ಹದಿನೆಂಟು ಜನರ ದಿನದ ನೀರು. ನಗರಕ್ಕೆ ನೀರು ಬರುವುದು ಭಾತ್ಸಾ, ತಾನ್ಸಾ, ವೈತರಣಾ ಕಡೆಯಿಂದ. ಅದೇ ಅಣೆಕಟ್ಟುಗಳ ಮಗ್ಗುಲಿನ ಶಹಾಪುರ ತಾಲೂಕಿನ ಆದಿವಾಸಿ ಪಾಡಾಗಳು ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ. 2016ರ ಬರಗಾಲದಲ್ಲಿ ಬಾಂಬೆ ಹೈಕೋರ್ಟು ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಆಚೆ ಕಳಿಸಿತು, ಫೈನಲ್ ಬೆಂಗಳೂರಿಗೆ ಬಂತು. ಕ್ರಿಕೆಟ್ಟಿನ ಹುಲ್ಲಿಗೆ ಕೇಳಿದ ಪ್ರಶ್ನೆಯನ್ನು ಸೊಸೈಟಿಯ ಹುಲ್ಲಿಗೂ ಕೇಳಬೇಡವೇ?

ಹಾಗಾದರೆ ಧೂಳು ಕುಡಿಯಬೇಕೇ ಎಂದು ದಾದರಿನವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಶಿವಾಜಿ ಪಾರ್ಕಿನಲ್ಲಿ ಸುರಿದ ಕೆಂಪು ಮಣ್ಣು ಒಣಹವೆಯಲ್ಲಿ ಎದ್ದು ಸುತ್ತಲಿನ ಮನೆಗಳಿಗೆ ನುಗ್ಗುತ್ತಿರುವುದನ್ನು ನಿವಾಸಿಗಳು ವರ್ಷಗಳಿಂದ ಹೇಳುತ್ತಿದ್ದಾರೆ. ಆದರೆ ಆ ಧೂಳು ಬಂದದ್ದೂ ಇಂಥದೇ ‘ಆರೈಕೆ’ಯಿಂದ. ಹೊರಗಿನ ನುಣ್ಣನೆ ಮಣ್ಣು ತಂದು ಸುರಿದರೆ ಬೇರು ಅದನ್ನು ಹಿಡಿಯುವ ಮೊದಲೇ ಗಾಳಿ ಎತ್ತಿಕೊಂಡು ಹೋಗುತ್ತದೆ. ಹಾಗೆಂದು ಬೇಲಿ ಹಾಕಿ ಜನರನ್ನು ಹೊರಗಿಡುವಂತೆಯೂ ಇಲ್ಲ. ಡಿಸೆಂಬರ್ 6ಕ್ಕೆ ಚೈತ್ಯಭೂಮಿಗೆ ಬರುವ ಲಕ್ಷಾಂತರ ಜನ ತಂಗುವುದು ಅಲ್ಲೇ, ಹುಡುಗರು ಬ್ಯಾಟ್ ಹಿಡಿಯುವುದನ್ನು ಕಲಿಯುವುದೂ ಅಲ್ಲೇ. ಮೈದಾನ ಇರುವುದು ತುಳಿಸಿಕೊಳ್ಳುವುದಕ್ಕೆ.

ಹುಲ್ಲು ಬೇಕೆಂದರೆ ಕೆಲಸ ಶುರುವಾಗಬೇಕಾದ್ದು ಫೆಬ್ರವರಿಯಲ್ಲಲ್ಲ, ಮೊದಲ ಮಳೆಗೆ. ಗಟ್ಟಿಯಾದ ನೆಲವನ್ನು ಚುಚ್ಚಿ ಗಾಳಿಯಾಡಲು ಬಿಡಬೇಕು, ಕಾಂಪೋಸ್ಟ್ ತೆಳುವಾಗಿ ಹರಡಬೇಕು, ಗರಿಕೆಯ ತುಂಡು ನೆಡಬೇಕು. ಮಳೆ ನಿಂತ ಮೇಲೆ ಬುಡಕ್ಕೆ ಕತ್ತರಿಸದೆ ಎತ್ತರ ಬಿಡಬೇಕು. ಧೂಳೇಳುವ ಕಡೆ ನೀರು ಹಾಕಲೇಬೇಕಾದರೆ ಅದು ಶುದ್ಧೀಕರಿಸಿದ ಕೊಳಚೆ ನೀರಾಗಿರಲಿ. ಬೇಸ್‌ಮೆಂಟ್ ಪಾರ್ಕಿಂಗಿನ ಸ್ಲ್ಯಾಬ್ ಮೇಲೆ ಗೇಣು ಮಣ್ಣಿನಲ್ಲಿ ಹಾಸಿದ ಲಾನಿಗೆ ಬೇರಿಳಿಸಲು ಜಾಗವೇ ಇಲ್ಲ, ಅದಕ್ಕೆ ಪ್ರತಿವರ್ಷ ಹಣ ಸುರಿಯುವುದಕ್ಕಿಂತ ಕುಂಡದಲ್ಲಿ ಗಿಡ ಇಡುವುದು ಲೇಸು. ಪರಿಣತರ ಆರೈಕೆ ಬೇಕೆನ್ನುವವರು ವರ್ಷವಿಡೀ ಆ ನೆಲ ನೋಡುವ ಮಾಲಿಗೆ ಸರಿಯಾದ ಸಂಬಳ ಕೊಡಲಿ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಮೂಲೆ ಬೇಗ ಒಣಗುತ್ತದೆ ಎಂಬುದು ಅವನಿಗೆ ಗೊತ್ತು.

ಭಾದ್ರಪದದಲ್ಲಿ ಅದೇ ಕಮಿಟಿಯವರು ದಾದರ್ ಮಾರುಕಟ್ಟೆಗೆ ಹೋಗಿ ದುಡ್ಡು ಕೊಟ್ಟು ಗಣಪತಿಗೆ ಗರಿಕೆ ತರುತ್ತಾರೆ. ಫೆಬ್ರವರಿಯಲ್ಲಿ ಅದನ್ನೇ ಕಳೆಯೆಂದು ಕೀಳಿಸಲು ಮತ್ತೆ ದುಡ್ಡು ಕೊಡುತ್ತಾರೆ. ಜೂನ್‌ವರೆಗೆ ಅದನ್ನು ಕಂದಲು ಬಿಟ್ಟರೆ ಎರಡೂ ಖರ್ಚು ಉಳಿಯುತ್ತದೆ.